ಚೀನಾಕ್ಕೆ ಹೋದರೆ ರೊಟ್ಟಿ ಗಂಟು ಕಟ್ಟಿಕೊಂಡೇ ಹೋಗಬೇಕಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಪ್ರವಾಸದ ಪುಟದಲ್ಲಿ ಚೀನಾಕ್ಕೆ ಹೋಗುವವರಿಗೆ ಸಲಹೆ ಅಂತ ಒಂದು ಲೇಖನ ಬಂದಿತ್ತು. ವೀಸಾ, ದುಡ್ಡು, ಫೋನು ಎಲ್ಲ ಸರಿಯಾಗಿಯೇ ಬರೆದಿದ್ದರು. ಊಟದ ವಿಷಯ ಬಂದ ಕೂಡಲೇ ಹೆದರಿಸಿಬಿಟ್ಟರು. ಅಲ್ಲಿ ನಮ್ಮಂಥವರು ತಿನ್ನುವಂಥದ್ದು ಏನೂ ಸಿಗುವುದಿಲ್ಲ, ಹಾವು ಚೇಳೇ ಊಟ, ಹತ್ತು ದಿನಕ್ಕೆ ಆಗುವಷ್ಟು ಚಪಾತಿ, ಬೆಣ್ಣೆ, ಹಣ್ಣು ಕಟ್ಟಿಕೊಂಡು ಹೋಗಿ ಅಂತ. ಓದಿ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ನಾನೂ ಇದೇ ಮಾತು ನಂಬಿ 40 ಕಟಕ ರೊಟ್ಟಿ ಕಟ್ಟಿಸಿಕೊಂಡು ಹೋಗಿದ್ದೆ. ಅದರಲ್ಲಿ ಮೂವತ್ತು ವಾಪಸ್ ಬಂದವು, ಪುಡಿಯಾಗಿ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಘಟಕ ಇಟ್ಟುಕೊಂಡಿದ್ದೇನೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನನ್ನ ಜೊತೆ ಬಂದವರು ವಾಷಿಂಗ್ ಘಟಕದ ನಮ್ಮ ಭಾಯಿ. ಅವರು ಮಾಂಸ ತಿನ್ನುತ್ತಾರೆ, ಆದರೆ ಹಲಾಲ್ ಆಗಿರಲೇಬೇಕು, ಹಂದಿ ಬೇಯಿಸಿದ ಪಾತ್ರೆಯೂ ಆಗದು. ಅಂದರೆ ಚೀನಾದಲ್ಲಿ ಊಟಕ್ಕೆ ಪರದಾಡಬೇಕಾದವರು ಯಾರು ಅಂತ ಹುಡುಕಿದರೆ ನಮಗಿಂತ ಒಳ್ಳೆ ಜೋಡಿ ಸಿಗುವುದಿಲ್ಲ. 2020ರಲ್ಲಿ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್ ಕೊನೆಗೆ ಮತ್ತೆ ಶುರುವಾಯಿತಲ್ಲ, ಅದರಲ್ಲೇ ದೀಪಾವಳಿ ಮುಗಿಸಿಕೊಂಡು ಹೋದೆವು. ಕೋಲ್ಕತ್ತಾದಲ್ಲಿ ರಾತ್ರಿ ಹತ್ತಿ ಗ್ವಾಂಗ್‌ಝೌನಲ್ಲಿ ಬೆಳಗಿನ ಜಾವ ಇಳಿದೆವು. ಗ್ವಾಂಗ್‌ಝೌಗೆ ಸೇರಿದ ಶಿನ್‌ತಾಂಗ್ ಅನ್ನೋ ಊರು ಜೀನ್ಸ್‌ಗೇ ಹೆಸರಾದದ್ದು, ನಮ್ಮ ಬಳ್ಳಾರಿಗೆ ದೊಡ್ಡಪ್ಪ ಇದ್ದ ಹಾಗೆ. ಬಟ್ಟೆ, ಜಿಪ್, ರಿವೆಟ್, ಬಟನ್ ನೋಡುವುದು ನಮ್ಮ ಕೆಲಸ.

ಮೊದಲ ಎರಡು ದಿನ ನಮ್ಮನ್ನು ಕರೆದುಕೊಂಡು ಹೋದ ಏಜೆಂಟ್ ಹೇಳಿದಂತೆಯೇ ಕೇಳಿದೆವು. ಮಧ್ಯಾಹ್ನವೂ ರಾತ್ರಿಯೂ ಅದೇ ಒಂದು ಇಂಡಿಯನ್ ಹೋಟೆಲ್. ಬಾಗಿಲಲ್ಲೇ ಬಸ್ ನಿಲ್ಲಿಸಿ ಎಲ್ಲರನ್ನೂ ಒಳಗೆ ಹಾಕುತ್ತಿದ್ದರು. ರಬ್ಬರಿನಂಥ ಪನೀರು, ತಣ್ಣಗಿನ ನಾನ್, ಎಣ್ಣೆ ತೇಲುವ ದಾಲ್, ತಲೆಗೆ 90 ಯುವಾನ್. ಆಗ ಒಂದು ಯುವಾನ್ ಅಂದರೆ ಹೆಚ್ಚುಕಡಿಮೆ 12 ರೂಪಾಯಿ, ಲೆಕ್ಕ ನೀವೇ ಹಾಕಿ. ಇಷ್ಟು ದೂರ ಬಂದು ದೆಹಲಿಯ ಕೆಟ್ಟ ಊಟ ತಿನ್ನುವುದಾ ಅಂತ ಮೂರನೇ ದಿನ ಬೆಳಿಗ್ಗೆ ಭಾಯಿಯೂ ನಾನೂ ಬಸ್ ಬರುವ ಮೊದಲೇ ಹೋಟೆಲಿನಿಂದ ಜಾರಿಕೊಂಡೆವು. ಆ ದಿನದಿಂದ ನಮ್ಮ ಪ್ರವಾಸ ಶುರುವಾಯಿತು ಅಂತಲೇ ಹೇಳಬೇಕು.

ಗಲ್ಲಿಯ ಮೂಲೆಯಲ್ಲಿ ಒಂದು ಸಣ್ಣ ಅಂಗಡಿ, ಹೊಗೆಯೋ ಹೊಗೆ. ಒಬ್ಬ ಅಜ್ಜಿ ನೀರಾಗಿ ರುಬ್ಬಿದ ಅಕ್ಕಿ ಹಿಟ್ಟನ್ನು ತೆಳ್ಳಗಿನ ಟ್ರೇಗೆ ಸುರಿದು, ಡ್ರಾಯರ್ ಥರದ ಹಬೆ ಪೆಟ್ಟಿಗೆಯೊಳಗೆ ತಳ್ಳುತ್ತಿದ್ದಳು. ಒಂದೇ ನಿಮಿಷ. ಹೊರಗೆಳೆದು, ತಗಡಿನ ಪಟ್ಟಿಯಿಂದ ಕೆರೆದು, ಸುರುಳಿ ಸುತ್ತಿ, ಮೇಲೆ ಸೋಯಾ ಸಾಸ್ ಹಾಕಿ ಕೊಟ್ಟಳು. ಇದಕ್ಕೆ ಚಾಂಗ್‌ಫೆನ್ ಅನ್ನುತ್ತಾರೆ. ಬಾಯಿಗಿಟ್ಟರೆ ನೀರ್‌ದೋಸೆಯ ತಂಗಿ. ಒಳಗೆ ಮೊಟ್ಟೆ, ಹಂದಿ, ಸಿಗಡಿ ಏನು ಬೇಕಾದರೂ ತುಂಬಿ ಕೊಡುತ್ತಾರೆ, ಬರೀ ಹಿಟ್ಟಿನದ್ದೂ ಸಿಗುತ್ತದೆ. ಪಕ್ಕದ ಅಂಗಡಿಯಲ್ಲಿ ಮೊಳ ಉದ್ದದ ಕರಿದ ಹಿಟ್ಟಿನ ಕಡ್ಡಿ, ಹೆಸರು ಯೌತಿಯಾವ್. ಅದನ್ನು ಬಿಸಿ ಸೋಯಾ ಹಾಲಿನಲ್ಲಿ ಅದ್ದಿ ತಿನ್ನುವುದು. ಇಬ್ಬರದ್ದೂ ಸೇರಿ 20 ಯುವಾನ್ ಕೂಡ ಆಗಲಿಲ್ಲ. ನಮ್ಮೂರಲ್ಲಿ ಬೆಳಿಗ್ಗೆ ಎದ್ದು ಒಗ್ಗರಣಿ ಮಿರ್ಚಿ ತಿನ್ನಲು ನಿಲ್ಲುವ ಹಾಗೆ ಅಲ್ಲಿಯೂ ಜನ ನಿಂತಿರುತ್ತಾರೆ, ಸ್ಕೂಲ್ ಬ್ಯಾಗಿನ ಮಕ್ಕಳು, ಪೇಪರ್ ಹಿಡಿದ ಮುದುಕರು, ಕೆಲಸಕ್ಕೆ ಓಡುವ ಹುಡುಗಿಯರು. ಹಾವು ಚೇಳು ತಿನ್ನುವವರು ಒಬ್ಬರೂ ಕಾಣಲಿಲ್ಲ.

ಹಾಗಂತ ಎಲ್ಲ ಸಲೀಸಾಗಿ ನಡೆಯಿತು ಅಂತ ಸುಳ್ಳು ಹೇಳುವುದಿಲ್ಲ. ಅದೇ ದಿನ ಮಧ್ಯಾಹ್ನ ನಾನು ದೊಡ್ಡ ಏಟು ತಿಂದೆ. ಮಾಪೋ ತೋಫು ಅಂತ ಸಿಚುವಾನ್ ಕಡೆಯ ಪಲ್ಯ, ತೋಫು ಅಂದರೆ ಸೋಯಾ ಹಾಲಿನ ಪನೀರು ತಾನೆ ಅಂದುಕೊಂಡು, ಮಾಂಸ ಬೇಡ ಅಂತ ಫೋನಿನಲ್ಲಿ ಅನುವಾದ ಮಾಡಿ ತೋರಿಸಿದೆ. ಹುಡುಗ ತಲೆ ಆಡಿಸಿದ. ತಟ್ಟೆ ಬಂದಾಗ ಮೇಲೆಲ್ಲ ಪುಡಿ ಪುಡಿ ಕೈಮಾ. ಕೇಳಿದರೆ ಅವನಿಗೇ ಆಶ್ಚರ್ಯ. ಅವನ ಲೆಕ್ಕದಲ್ಲಿ ಮಾಂಸ ಅಂದರೆ ತುಂಡು, ಇದು ಸುಮ್ನೆ ರುಚಿಗೆ ಉದುರಿಸಿದ್ದು! ಅವನು ಮೋಸ ಮಾಡಲಿಲ್ಲ, ನಾನು ಕೇಳಿದ ರೀತಿ ತಪ್ಪು.

ಸಂಜೆ ಬಟ್ಟೆ ಮಾರ್ಕೆಟ್ಟಿನಲ್ಲಿ ನಾವು ಡೆನಿಮ್ ನೋಡುತ್ತಿದ್ದ ಅಂಗಡಿಯ ಹುಡುಗಿಗೆ ಈ ಕಥೆ ಹೇಳಿದೆ. ಅವಳು ಬಿದ್ದೂ ಬಿದ್ದೂ ನಕ್ಕು, ನನ್ನ ವಿಸಿಟಿಂಗ್ ಕಾರ್ಡ್ ತಿರುಗಿಸಿ ಹಿಂದೆ ಒಂದೇ ಒಂದು ಅಕ್ಷರ ದೊಡ್ಡದಾಗಿ ಬರೆದುಕೊಟ್ಟಳು. ಅದನ್ನು ಸೂ ಅಂತ ಓದುತ್ತಾರೆ. ಸಸ್ಯಾಹಾರ ಅಂತ ಅರ್ಥ. ಮಾಂಸ ಬೇಡ ಅಂದರೆ ಅವರಿಗೆ ಅರ್ಥವಾಗುವುದು ಒಂದು, ನಾನು ಸೂ ತಿನ್ನುವವನು ಅಂದರೆ ಅರ್ಥವಾಗುವುದೇ ಬೇರೆ. ಬುದ್ಧನ ಭಕ್ತರು, ಸನ್ಯಾಸಿಗಳು ತಿನ್ನುವ ಊಟ ಅದು, ಆ ಶಬ್ದಕ್ಕೆ ಅಲ್ಲಿ ಮರ್ಯಾದೆ ಇದೆ. ವೋ ಚ್ರ ಸೂ, ಅಂದರೆ ನಾನು ಸೂ ತಿನ್ನುತ್ತೇನೆ. ಗ್ವಾಂಗ್‌ಝೌನ ಹಳಬರು ತಮ್ಮ ಕ್ಯಾಂಟನೀಸ್ ಮಾತಿನಲ್ಲಿ ಇದಕ್ಕೇ ಜಾಯ್ ಅನ್ನುತ್ತಾರೆ. ಈ ಎರಡು ಶಬ್ದ ನಿಮ್ಮ ಲೇಖನದಲ್ಲಿ ಇದ್ದಿದ್ದರೆ ಎಷ್ಟು ಜನಕ್ಕೆ ಉಪಕಾರ ಆಗುತ್ತಿತ್ತು!

ಇನ್ನೊಂದು ಮಾತನ್ನೂ ಅವಳೇ ಹೇಳಿದಳು. ಗ್ವಾಂಗ್‌ಝೌನಲ್ಲಿ ಸೊಪ್ಪು ಕೇಳಿದರೆ ಹಸಿರು ಹಸಿರಾಗಿ ಬೇಯಿಸಿ ಮೇಲೆ ಕಪ್ಪಗಿನ ಗಟ್ಟಿ ಸಾಸ್ ಹಾಕಿಕೊಡುತ್ತಾರೆ. ನೋಡಲು ಸೋಯಾ ಸಾಸ್ ಥರವೇ ಇರುತ್ತದೆ, ಎಷ್ಟೋ ಸಲ ಅದು ಸಮುದ್ರದ ಚಿಪ್ಪಿನ ಪ್ರಾಣಿಯಿಂದ ಮಾಡುವ ಆಯ್ಸ್ಟರ್ ಸಾಸ್. ಸಾರು ಅಂದರೆ ಎಲುಬಿನದ್ದು. ಕೆಲವು ಸಿಹಿ ತಿಂಡಿಗಳ ಹೂರಣಕ್ಕೆ ಹಂದಿ ಕೊಬ್ಬು ಹಾಕುವುದೂ ಉಂಟು, ಇದು ಭಾಯಿಗೆ ಬಹಳ ಚಿಂತೆಯ ವಿಷಯ. ಅದಕ್ಕೇ ಕಾರ್ಡ್ ತೋರಿಸಿ, ಅನುಮಾನ ಬಂದರೆ ಎರಡು ಸಲ ಕೇಳಿ, ಆಮೇಲೆ ತಿನ್ನಿ.

ಕಾರ್ಡ್ ಹಿಡಿದುಕೊಂಡು ಮಾರನೇ ದಿನ ಒಂದು ಬೌದ್ಧ ದೇವಾಲಯದ ಹತ್ತಿರದ ಸೂ ಹೋಟೆಲಿಗೆ ಹೋದೆವು. ಅಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ನಮ್ಮ ಜೈನರ ಅಡುಗೆಯಂತೆಯೇ. ಆದರೆ ಮೆನುವಿನಲ್ಲಿ ಮೀನಿನ ಚಿತ್ರ, ಬಾತುಕೋಳಿಯ ಚಿತ್ರ! ಗಾಬರಿಯಾಗಿ ಎದ್ದು ಹೊರಟಿದ್ದೆ. ವಿಷಯ ಏನೆಂದರೆ, ಸೋಯಾ ಹಾಲಿನ ಕೆನೆ, ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ತೊಳೆದು ಉಳಿಯುವ ಅಂಟು, ಅಣಬೆ ಇವುಗಳಲ್ಲೇ ಮೀನು ಕೋಳಿ ಎಲ್ಲ ಮಾಡುತ್ತಾರೆ. ಮೀನಿಗೆ ಚರ್ಮ ಕೂಡ ಇತ್ತು, ಕಡಲಕಳೆಯದ್ದು. ಭಾಯಿಗೆ ಬಹಳ ಇಷ್ಟವಾಯಿತು. ನನಗೆ ಮಾತ್ರ ಅದರ ಮುಖ ನೋಡಿ ಗಂಟಲಲ್ಲಿ ಇಳಿಯಲಿಲ್ಲ, ಪಕ್ಕದ ಅಣಬೆ ಪಲ್ಯದಲ್ಲೇ ಅನ್ನ ಮುಗಿಸಿದೆ. ಅಂದಹಾಗೆ ಬೋಧಿಧರ್ಮ ಅನ್ನೋ ಬೌದ್ಧ ಸನ್ಯಾಸಿ ನಮ್ಮ ದಕ್ಷಿಣದಿಂದ ಹಡಗಿನಲ್ಲಿ ಹೋಗಿ ಇಳಿದದ್ದು ಇದೇ ಊರಿನಲ್ಲಿ ಅಂತ ಅಲ್ಲಿನವರ ನಂಬಿಕೆ. ಆತನನ್ನು ದಾಮೋ ಅನ್ನುತ್ತಾರೆ. ನಮ್ಮ ಕಡೆಯವನು ಅಂತ ಹೇಳಿದ್ದಕ್ಕೆ ಹೋಟೆಲಿನವರು ಇನ್ನೊಂದು ಸಲ ಚಹಾ ತಂದರು.

ಮನೆಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಗೋಬಿ ಮಂಚೂರಿ ಹೇಗಿತ್ತು ಅಂತ. ಸ್ವಾಮಿ, ಅದು ಅಲ್ಲಿಯದ್ದಲ್ಲ. ಮಂಚೂರಿಯನ್ ಹುಟ್ಟಿದ್ದು ಮುಂಬೈಯಲ್ಲಿ. ಕೋಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಕೋಳಿಯಲ್ಲಿ ಮಾಡಿದ್ದು ಅದು. ಕೋಳಿ ಹೋಗಿ ಹೂಕೋಸು ಬಂದದ್ದು ನಮ್ಮಂಥವರಿಗಾಗಿ. ಅದಕ್ಕೆ ಕೆಂಪು ಬಣ್ಣ ಸುರಿದು ಸುರಿದು ಕೊನೆಗೆ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರವೇ ಕೃತಕ ಬಣ್ಣ ನಿಷೇಧ ಮಾಡಬೇಕಾಯಿತು. ಆದರೆ ಹೂಕೋಸಿನ ಒಂದು ಪಲ್ಯ ಅಲ್ಲಿ ಸಿಕ್ಕಿತು. ಉದ್ದ ದಂಟಿನ, ಬಿಡಿ ಬಿಡಿಯಾದ ಹೂಕೋಸು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ ಸಾಸ್, ಅಷ್ಟೇ. ಸಣ್ಣ ಬಾಣಲೆಯಲ್ಲಿ ಹಾಕಿ ಕೆಳಗೆ ದೀಪದಂಥ ಉರಿ ಇಟ್ಟು ಮೇಜಿಗೆ ತರುತ್ತಾರೆ. ಸಾಮಾನ್ಯವಾಗಿ ಹಂದಿ ಮಾಂಸ ಸೇರಿಸುತ್ತಾರೆ, ಕಾರ್ಡ್ ತೋರಿಸಿದ್ದಕ್ಕೆ ಬೇರೆ ಬಾಣಲೆಯಲ್ಲಿ ಮಾಡಿಕೊಟ್ಟರು. ಹಿಟ್ಟಿಲ್ಲ, ಬಣ್ಣವಿಲ್ಲ, ಕಚ್ಚಿದರೆ ಕಟುಂ ಅನ್ನುತ್ತದೆ. ಅದನ್ನು ತಿಂದ ಮೇಲೆ ನಮ್ಮ ಗಾಡಿ ಗೋಬಿ ಮುಂದೆ ನಿಲ್ಲಲು ಮನಸ್ಸಾಗುತ್ತಿಲ್ಲ. ನನ್ನ ಮಗ ಮಾತ್ರ ಇದನ್ನು ಒಪ್ಪುವುದಿಲ್ಲ.

ಖಾರದ ಬಗ್ಗೆಯೂ ಹೇಳಬೇಕು. ಬಳ್ಳಾರಿಯವರಿಗೆ ಖಾರದ ಭಯ ಯಾಕೆ ಅಂತ ಜಂಬದಿಂದ ಹೋಗಿದ್ದೆ. ಸಿಚುವಾನ್ ಹೋಟೆಲಿನಲ್ಲಿ ಮೆಣಸಿನಕಾಯಿ ಏನೂ ಮಾಡಲಿಲ್ಲ. ಆದರೆ ಅದರ ಜೊತೆ ಹುವಾಜಿಯಾವ್ ಅಂತ ಒಂದು ಸಣ್ಣ ಕಾಯಿ ಹಾಕುತ್ತಾರೆ. ಮೊದಲು ಕಿತ್ತಳೆ ಸಿಪ್ಪೆಯ ವಾಸನೆ, ಆಮೇಲೆ ನಾಲಿಗೆ ಜುಂ ಜುಂ, ಆಮೇಲೆ ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಹಾಗೆ ತುಟಿಯೇ ಇಲ್ಲ. ವಿಷ ಹಾಕಿದರೇನೋ ಅಂತ ಭಾಯಿ ಎದ್ದೇ ನಿಂತರು. ಕರಾವಳಿಯವರು ಮೀನಿನ ಸಾರಿಗೆ ತೆಪ್ಪಲ ಹಾಕುತ್ತಾರಲ್ಲ, ಜುಮ್ಮನಕಾಯಿ, ಅದೂ ಇದೂ ಒಂದೇ ಜಾತಿಯ ಗಿಡಗಳು. ಇನ್ನು ಒಣಮೆಣಸಿನಕಾಯಿ ಅಂತೂ ನಮ್ಮ ದೇಶದಿಂದ ಜಾಸ್ತಿ ಕೊಳ್ಳುವವರಲ್ಲಿ ಚೀನಾವೇ ಮುಂದೆ, ಅದರಲ್ಲೂ ಗುಂಟೂರು ಕಡೆಯ ತೇಜಾ. ಅಂದರೆ ಅವರ ಬಾಣಲೆಯಲ್ಲಿ ಚುಟುಚುಟು ಅನ್ನುತ್ತಿದ್ದದ್ದು ನಮ್ಮ ಪಕ್ಕದ ಹೊಲದ್ದೇ ಇದ್ದರೂ ಇರಬಹುದು.

ಕೆಲಸ ಮುಗಿದ ಮೇಲೆ ಮೂರು ದಿನ ಉಳಿದಿತ್ತು. ನನಗೆ ಮಣ್ಣಿನ ಸೈನಿಕರನ್ನು ನೋಡುವ ಆಸೆ, ಅದೇ 1974ರಲ್ಲಿ ಬಾವಿ ತೋಡುವ ರೈತರಿಗೆ ಸಿಕ್ಕಿದ್ದು. ಭಾಯಿಗೆ ಹಳೆಯ ಮಸೀದಿ ನೋಡುವ ಆಸೆ. ಎರಡೂ ಶಿಆನ್ ಊರಿನಲ್ಲೇ ಇವೆ. ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ಅಲ್ಲಿ. ಸುಮಾರು ಎರಡು ಸಾವಿರ ಕಿಲೋಮೀಟರ್! ನಮ್ಮ ಹಂಪಿ ಎಕ್ಸ್‌ಪ್ರೆಸ್ ಇಡೀ ರಾತ್ರಿ ಓಡಿ ಬೆಂಗಳೂರು ಮುಟ್ಟಿಸುತ್ತದೆ, ಇರಲಿ ಬಿಡಿ. ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಎಲ್ಲ ಕಡೆ ಕುದಿಯುವ ನೀರಿನ ನಲ್ಲಿ ಇರುತ್ತದೆ, ಪುಕ್ಕಟೆ. ಚೀನಾದವರು ಬಿಸಿನೀರನ್ನೇ ಜಾಸ್ತಿ ಕುಡಿಯುತ್ತಾರೆ. ನನ್ನ ರೊಟ್ಟಿಗಳಲ್ಲಿ ಖರ್ಚಾದ ಹತ್ತು ಆ ರೈಲಿನಲ್ಲೇ ಆದದ್ದು, ಶೇಂಗಾ ಪುಡಿ ಜೊತೆ.

ಶಿಆನ್‌ನಲ್ಲಿ ಮಸೀದಿಯ ಸುತ್ತಲೂ ಹುಯಿ ಅನ್ನೋ ಚೀನೀ ಮುಸ್ಲಿಮರ ಬೀದಿಗಳಿವೆ. ಹಸಿರು ಬೋರ್ಡು, ಅದರ ಮೇಲೆ ಚಿಂಗ್‌ಝೆನ್ ಅಂತ ಚೀನೀ ಅಕ್ಷರ. ಅದು ಕಂಡರೆ ಹಲಾಲ್ ಅಂತ ಅರ್ಥ, ಹಂದಿಯ ಸುಳಿವೇ ಇರುವುದಿಲ್ಲ. ಭಾಯಿಯ ಮುಖ ಅರಳಿತು ನೋಡಿ! ಅಲ್ಲಿ ಪಾವ್‌ಮೋ ಅಂತ ಊಟ. ಮೊದಲು ಬರೀ ಬಟ್ಟಲು ಮತ್ತು ಗಟ್ಟಿ ರೊಟ್ಟಿ ಕೊಡುತ್ತಾರೆ. ನಾವೇ ಕೂತು ಅದನ್ನು ಕಾಳಿನಷ್ಟು ಸಣ್ಣದಾಗಿ ಮುರಿಯಬೇಕು. ಮುರಿದ ಬಟ್ಟಲನ್ನು ಒಳಗೆ ಒಯ್ದು ಕುರಿ ಸಾರಿನಲ್ಲಿ ಕುದಿಸಿ ತರುತ್ತಾರೆ. ದೊಡ್ಡ ದೊಡ್ಡ ತುಂಡು ಮಾಡಿದ್ದಕ್ಕೆ ಪಕ್ಕದ ಮೇಜಿನ ಮುದುಕರು ಭಾಯಿಯನ್ನು ಗದರಿಸಿ ತಾವೇ ಅರ್ಧ ಮುರಿದುಕೊಟ್ಟರು. ಒಣ ರೊಟ್ಟಿ ಮುರಿದು ಸಾರಿನಲ್ಲಿ ನೆನೆಹಾಕಿ ತಿನ್ನುವುದನ್ನು ನಮಗೆ ಯಾರು ಕಲಿಸಬೇಕು ಹೇಳಿ.

ನನಗೆ ಸಿಕ್ಕದ್ದು ಇನ್ನೂ ಮೇಲು. ಲಿಯಾಂಗ್‌ಪಿ ಅಂತ ತಣ್ಣಗಿನ ಅಗಲ ಶಾವಿಗೆ, ಸೌತೆಕಾಯಿ, ಮೊಳಕೆ ಕಾಳು, ಹುಳಿ, ಖಾರದ ಎಣ್ಣೆ. ಇನ್ನೊಂದು ಯೌಪೋ. ಪ್ಯಾಂಟಿನ ಬೆಲ್ಟ್ ಪಟ್ಟಿಯಷ್ಟು ಅಗಲದ ಗೋಧಿ ಶಾವಿಗೆ, ಅಳತೆ ನನ್ನದು, ಒಂದೂವರೆ ಇಂಚು ಗ್ಯಾರಂಟಿ. ಬಟ್ಟಲಿನಲ್ಲಿ ಬೆಂದ ಶಾವಿಗೆ, ಸೊಪ್ಪು, ಮೇಲೆ ಒಣ ಖಾರದ ಪುಡಿ, ಬೆಳ್ಳುಳ್ಳಿ ಇಟ್ಟು ಅದರ ಮೇಲೆ ಹೊಗೆ ಬರುವಷ್ಟು ಕಾದ ಎಣ್ಣೆಯನ್ನು ನಿಮ್ಮ ಎದುರಿಗೇ ಸುರಿಯುತ್ತಾರೆ. ಚುರ್ರ್ ಅಂತ ಸದ್ದು, ಮೂಗಿಗೆ ಆ ಘಾಟು. "ಅಣ್ಣಾ, ಇದು ನಮ್ದೇ ಒಗ್ಗರಣಿ ಐತೆ ನೋಡ್ರಿ" ಅಂದರು ಭಾಯಿ. ನಾನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ, ಎರಡು ಕಡ್ಡಿಯಲ್ಲಿ ಹಿಡಿದ ಶಾವಿಗೆ ಮೂರು ಸಲ ಜಾರಿ ಅಂಗಿಯ ಮೇಲೆ ಬಿದ್ದಿತ್ತು. ಚಮಚ ಕೇಳಲು ನಾಚಿಕೆ ಬೇಡ, ಕೊಡುತ್ತಾರೆ. ಆದರೆ ಆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ಇಡಬೇಡಿ. ಸತ್ತವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ, ಅವರಿಗೆ ಅಪಶಕುನ.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯೇ. ಶಿಆನ್‌ನಲ್ಲಿ ಎರಡನೇ ದಿನ ಬೆಳಿಗ್ಗೆ ಬಹಳ ಚಳಿ. ಗಾಡಿಯಲ್ಲಿ ಒಬ್ಬಾಕೆ ದೊಡ್ಡ ಪಾತ್ರೆಯಿಂದ ಹಳದಿ ಗಂಜಿ ಹಾಕಿ ಕೊಡುತ್ತಿದ್ದಳು. ತಗೊಂಡು ಒಂದು ಗುಟುಕು ಕುಡಿದೆ. ಉಪ್ಪಿಲ್ಲ, ಸಕ್ಕರೆಯಿಲ್ಲ, ಬರೀ ಕಾಳು ಮತ್ತು ನೀರು. ಕುಡಿದವನು ಹಾಗೇ ನಿಂತೆ. ಅದು ನವಣೆ. ನಮ್ಮ ಅಜ್ಜಿ ಮಾಡುತ್ತಿದ್ದ ನವಣಕ್ಕಿ ಗಂಜಿಯೇ. ಅಜ್ಜಿ ಹೋಗಿ ಮೂವತ್ತು ವರ್ಷ ಆಯಿತು, ಆಮೇಲೆ ನಮ್ಮ ಮನೆಯಲ್ಲಿ ಆ ಗಂಜಿ ಕಾಸಿದ್ದು ನೆನಪಿಲ್ಲ. ಅವಳು ಮಾತ್ರ ಚೂರು ಮಜ್ಜಿಗೆ, ಉಪ್ಪು ಹಾಕುತ್ತಿದ್ದಳು.

ಅಲ್ಲಿ ನವಣೆಗೆ ಶಿಯಾವ್‌ಮಿ ಅಂತ ಹೆಸರು, ಚಿಕ್ಕ ಅಕ್ಕಿ ಅಂತ. ನಾವು ಶಿಯೋಮಿ ಅಂತ ಫೋನ್ ಇಟ್ಟುಕೊಂಡಿದ್ದೇವಲ್ಲ, ಅದೇ ಶಬ್ದ. ನವಣೆ ಫೋನು! ನವಣೆಯನ್ನು ಮೊಟ್ಟಮೊದಲು ಬೇಸಾಯಕ್ಕೆ ತಂದದ್ದೇ ಉತ್ತರ ಚೀನಾದವರು, ಸುಮಾರು 8000 ವರ್ಷದ ಹಿಂದೆ. ಶಿಆನ್ ಪಕ್ಕದ ಬಾನ್‌ಪೋ ಅನ್ನೋ ಹಳೆಯ ಊರನ್ನು ಅಗೆದಾಗ ಮಡಕೆಯಲ್ಲಿ ಈ ಕಾಳು ಸಿಕ್ಕಿದೆ. ಬರಗು ಕೂಡ ಅಲ್ಲಿಯದೇ. ಅಲ್ಲಿಂದ ಅದು ಹೇಗೋ ನಡೆದು ನಡೆದು ನಮ್ಮ ಕುಷ್ಟಗಿ, ಕೂಡ್ಲಿಗಿ ಕಡೆಯ ಎರೆ ಮಸಾರಿ ಹೊಲಗಳಿಗೆ ಬಂದಿದೆ. 1953ರಲ್ಲಿ ತುಂಗಭದ್ರಾ ನೀರು ಕಾಲುವೆಗೆ ಬಿಟ್ಟ ಮೇಲೆ ಗಂಗಾವತಿ, ಸಿರುಗುಪ್ಪ ಕಡೆ ಭತ್ತ ಬಂತು, ನವಣೆ ಬಡವರ ಊಟ ಅಂತ ಮೂಲೆಗೆ ಹೋಯಿತು. ಈಗ ಅದನ್ನೇ ಸಿರಿಧಾನ್ಯ ಅಂತ ಪಾಕೀಟಿನಲ್ಲಿ ಮೂರು ಪಟ್ಟು ಬೆಲೆಗೆ ಕೊಳ್ಳುತ್ತೇವೆ. ಅಲ್ಲಿ ಅದು ಬೆಳಿಗ್ಗೆ ಗಾಡಿಯಲ್ಲಿ ಸಿಗುವ ಗಂಜಿಯಾಗಿಯೇ ಇದೆ. ಆಟೋದವರು, ಪೊಲೀಸರು ಎಲ್ಲ ನಿಂತು ಕುಡಿಯುತ್ತಿದ್ದರು.

ತಿನ್ನಲಾಗದ್ದೂ ಇತ್ತು. ಚೌ ತೋಫು ಅಂತ ಹುಳಿಸಿದ ತೋಫು ಕರಿಯುತ್ತಾರೆ, ಅದರ ವಾಸನೆ ನೂರು ಅಡಿ ದೂರದಿಂದಲೇ ಬರುತ್ತದೆ, ಮಳೆಗಾಲದಲ್ಲಿ ಚರಂಡಿ ಉಕ್ಕಿದ ಹಾಗೆ. ತಿಂದವರು ಚೆನ್ನಾಗಿದೆ ಅನ್ನುತ್ತಾರೆ, ನನ್ನಿಂದ ಆಗಲಿಲ್ಲ. ನಮ್ಮ ಮನೆಯ ಹುಳಿ ಬಂದ ಪುಂಡಿ ಪಲ್ಲೆ ಮುಂದೆ ಅವರನ್ನು ಕೂರಿಸಿದರೆ ಅವರೂ ಓಡುತ್ತಾರೇನೋ.

ಸಂಪಾದಕರೇ, ಲೇಖನದಲ್ಲಿ ಒಂದು ತಪ್ಪನ್ನಂತೂ ತಿದ್ದಲೇಬೇಕು. ಬೆಣ್ಣೆ, ಹಣ್ಣು ಒಯ್ಯಿರಿ ಅಂತ ಬರೆದಿದ್ದಾರೆ. ಹಾಲು, ಮೊಸರು, ಬೆಣ್ಣೆ, ಮಾಂಸ, ಹಸಿ ಹಣ್ಣು ತರಕಾರಿ ಇವನ್ನೆಲ್ಲ ಪ್ರಯಾಣಿಕರು ಚೀನಾದೊಳಗೆ ತರುವ ಹಾಗಿಲ್ಲ, ಕಸ್ಟಮ್ಸ್‌ನಲ್ಲೇ ತೆಗೆದು ಬಿಸಾಡುತ್ತಾರೆ. ನನ್ನ ಎದುರಿಗೇ ಒಬ್ಬರ ಚೀಲದಿಂದ ಆರು ಮೋಸಂಬಿ ತೆಗೆದರು. ನಿಮ್ಮ ಸಲಹೆ ನಂಬಿ ಯಾರಾದರೂ ಮನೆ ಬೆಣ್ಣೆ ಒಯ್ದು ಕಳೆದುಕೊಂಡರೆ ಅವರ ಹೆಂಡತಿಗೆ ಯಾರು ಉತ್ತರ ಕೊಡುವುದು? ಹಾಗೇ ಮುಂದಿನ ಸಲ ಬರೆಸುವಾಗ ಅಲ್ಲಿ ಬೀದಿಯಲ್ಲಿ ನಿಂತು ತಿಂದವರ ಕೈಯಲ್ಲೇ ಬರೆಸಿ. ನನ್ನನ್ನು ಕೇಳಿದರೂ ಬರೆದುಕೊಡುತ್ತೇನೆ, ದುಡ್ಡು ಬೇಡ.

ಏಪ್ರಿಲ್ ಮಧ್ಯದಲ್ಲಿ ಗ್ವಾಂಗ್‌ಝೌನಲ್ಲಿ ಮತ್ತೆ ದೊಡ್ಡ ವ್ಯಾಪಾರ ಮೇಳ ಇದೆ, ನಾವು ಹೊರಡುತ್ತಿದ್ದೇವೆ, ಈ ಸಲ ಏಜೆಂಟ್ ಇಲ್ಲದೆ. ರೊಟ್ಟಿ ಬೇಡ ಅಂತ ಮನೆಯಲ್ಲಿ ಹೇಳಿದ್ದೇನೆ. ಶೇಂಗಾ ಉಂಡಿ ಮಾತ್ರ ಎರಡು ಡಬ್ಬಿ ಕಟ್ಟಲು ಹೇಳಿದ್ದೇನೆ, ಕಾರ್ಡ್ ಬರೆದುಕೊಟ್ಟ ಆ ಬಟ್ಟೆ ಅಂಗಡಿಯ ಹುಡುಗಿಗೆ. ಹೋದ ಸಲ ಅವಳು ಒಂದು ತಿಂದು, ಎರಡು ಚೀಲದಲ್ಲಿ ಹಾಕಿಕೊಂಡಿದ್ದಳು. ಭಾಯಿ ಈಗ ಮಂಡಕ್ಕಿ ಒಯ್ಯಬಹುದಾ ಅಂತ ಕೇಳುತ್ತಿದ್ದಾರೆ.

ಇಂತಿ,
ಜೀನ್ಸ್ ಹೊಲಿಸುವ ಒಬ್ಬ ಓದುಗ
ಕೌಲ್ ಬಜಾರ್, ಬಳ್ಳಾರಿ